ಬೆಡ್‌ಶೀಟಿನ ವಾಕ್ಯ ನನ್ನದು: ಶಿಸ್ತು ಸಮಿತಿಯ ಅಧ್ಯಕ್ಷರಿಗೆ

ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರುವವರ ಪೂರ್ವಸಿದ್ಧತಾ ತರಗತಿಯಿಂದ ನೀವು ಒಬ್ಬ ಹೆಂಗಸನ್ನು ಕಳ್ಳಿ ಎಂದು ಹೊರಗೆ ಹಾಕಿದ್ದೀರಿ. ಅವಳು ಕದ್ದಳು ಎಂದು ನೀವು ಹೇಳುವ ಮಾಲು ಒಂದು ವಾಕ್ಯ. ಆ ವಾಕ್ಯ ನನ್ನದು. ನಾನು ದೂರು ಕೊಟ್ಟಿಲ್ಲ. ನನ್ನಿಂದ ಯಾರೂ ಏನೂ ಕದ್ದಿಲ್ಲ. ಒಡತಿಯನ್ನು ಕೇಳದೆಯೇ ಕಳ್ಳತನ ಪತ್ತೆ ಮಾಡುವ ವಿದ್ಯೆಯನ್ನು ನಿಮ್ಮಲ್ಲಿ ಯಾವ ವಿಭಾಗದವರು ಕಲಿಸುತ್ತಾರೆ? ಭೌತಶಾಸ್ತ್ರದವರೋ, ಬರವಣಿಗೆಯವರೋ?

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ನಾಲ್ಕನೆಯ ತರಗತಿಯವರೆಗೆ. ಅದರಲ್ಲೂ ಅರ್ಧ ಕಾಲ ಮೇಷ್ಟ್ರ ಮನೆಗೆ ನೀರು ಹೊತ್ತೆ. ಈ ಪತ್ರದಲ್ಲಿ ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಳ್ಳಿ. ನಿಮ್ಮ ಕೈಗೆ ಅದೊಂದು ಕೆಲಸ ಚೆನ್ನಾಗಿ ಬರುತ್ತದೆ ಎಂದು ಕೇಳಿದ್ದೇನೆ.

ನಮ್ಮದು ಲಾಂಡ್ರಿ. ಆಸ್ಪತ್ರೆಯ ಬೆಡ್‌ಶೀಟುಗಳು ನಮ್ಮಲ್ಲಿಗೆ ಬರುತ್ತವೆ. ಒಗೆಯುವುದು ಯಂತ್ರ, ಇಸ್ತ್ರಿ ಮಾಡಲು ಒಬ್ಬಳಿದ್ದಾಳೆ, ಮಡಿಸುವುದು ನಾನು ಮತ್ತು ಬಿಡುವಾದಾಗ ನನ್ನ ಮೊಮ್ಮಗಳು. ಇಸ್ತ್ರಿಯವಳಿಗೆ ಮದುವೆಯಾಗಿದೆ, ಒಂದು ಮಗುವಿದೆ; ಮೊಮ್ಮಗಳು ಅವಳನ್ನು ಅಕ್ಕ ಎನ್ನುತ್ತಾಳೆ. ಮೇಜಿನ ಒಂದು ತುದಿಯಲ್ಲಿ ಪುಸ್ತಕ ತೆರೆದಿಟ್ಟು, ಬಟ್ಟೆ ಸುಡದೆ, ಪಾಠವನ್ನೂ ಬಿಡದೆ, ಬಿಟ್ಟುಹೋಗಿದ್ದ ಶಾಲೆಯನ್ನು ಮುಗಿಸಿಕೊಂಡಳು. ಅದೇ ವರ್ಷ ನನ್ನ ಮೊಮ್ಮಗಳೂ ಮುಗಿಸಿದಳು. ಇಬ್ಬರಿಗೂ ನಿಮ್ಮಲ್ಲಿ ಸೀಟು ಸಿಕ್ಕಿತು. ಆದರೆ ಸೀಟಿಗೆ ಒಂದು ಬಾಲ ಕಟ್ಟಿದ್ದಿರಿ: ಮೊದಲು ಪೂರ್ವಸಿದ್ಧತಾ ತರಗತಿಯಲ್ಲಿ ಆರಂಭದ ಭೌತಶಾಸ್ತ್ರ ಮತ್ತು ಬರವಣಿಗೆ ಎರಡನ್ನೂ ಪಾಸು ಮಾಡಬೇಕು, ಇಲ್ಲದಿದ್ದರೆ ಸೀಟಿಲ್ಲ.

ಸರಿ, ಸಿದ್ಧತೆ ಶುರುವಾಯಿತು. ಹೇಗೆ ಓದಬೇಕೆಂದು ನೀವೇ ಒಂದು ಕೈಪಿಡಿ ಕೊಟ್ಟಿದ್ದೀರಿ. ಅದರಲ್ಲಿ ದಪ್ಪ ಅಕ್ಷರದಲ್ಲಿ ಹೀಗಿದೆ: ‘ನೀವು ಕಲಿತದ್ದನ್ನು ಭೌತಶಾಸ್ತ್ರದ ಗಂಧವೇ ಇಲ್ಲದವರಿಗೆ ವಿವರಿಸಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ.’ ಇದನ್ನು ಓದಿ ಇಬ್ಬರೂ ಒಟ್ಟಿಗೆ ತಲೆ ಎತ್ತಿ ನನ್ನ ಕಡೆ ನೋಡಿದರು. ಗಂಧವೇ ಇಲ್ಲದವರನ್ನು ಹುಡುಕಿಕೊಂಡು ಊರು ಸುತ್ತುವ ಶ್ರಮ ಅವರಿಗೆ ಉಳಿಯಿತು. ಹಾಗೆ ನೋಡಿದರೆ ಅಧ್ಯಕ್ಷರೇ, ನನ್ನನ್ನು ಕೆಲಸಕ್ಕೆ ನೇಮಿಸಿದವರು ನೀವೇ.

ಮಡಿಸುವಾಗ ಪಾಠ ನಡೆಯುತ್ತಿತ್ತು. ಒಂದು ತುದಿ ಮೊಮ್ಮಗಳ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ.

“ಅಜ್ಜಿ, ನೀನು ಆ ಕಡೆ ಎಳಿ, ನಾನು ಈ ಕಡೆ ಎಳೀತೀನಿ. ಈಗ ಬೆಡ್‌ಶೀಟಿನ ಮೇಲೆ ಎಷ್ಟು ಎಳೆತ ಬಿತ್ತು ಹೇಳು.”

“ನಿಂದೂ ನಂದೂ ಸೇರಿ ಬಿತ್ತು. ಇನ್ನೇನು, ಪಕ್ಕದ ಮನೆಯವಳದ್ದು ಬೀಳುತ್ತಾ?”

“ಅಲ್ಲ ಅಜ್ಜಿ. ಒಬ್ಬರು ಎಳೆದಷ್ಟೇ. ಒಂದು ತುದೀನ ಗೋಡೆ ಕೊಕ್ಕೆಗೆ ಸಿಕ್ಕಿಸಿ ನೀನೊಬ್ಬಳೇ ಎಳೆದ್ರೂ ಅಷ್ಟೇ ಬೀಳೋದು. ಕೊಕ್ಕೇನೂ ವಾಪಸ್ ಎಳೆಯುತ್ತೆ.”

“ಕೊಕ್ಕೆ ಎಳೆಯುತ್ತಾ? ಹಾಗಾದ್ರೆ ನಾಳೆಯಿಂದ ಅದನ್ನೇ ಕೆಲಸಕ್ಕಿಟ್ಟುಕೊಳ್ಳೋಣ. ಎದುರು ಮಾತಾದ್ರೂ ಆಡಲ್ಲ.”

ಇಸ್ತ್ರಿಯವಳು ಪೆಟ್ಟಿಗೆ ಒತ್ತುತ್ತಲೇ ಹೇಳಿದಳು, “ಪುಸ್ತಕದಲ್ಲಿ ಹಾಗೇ ಇದೆ ಅಮ್ಮಾ.”

“ಪುಸ್ತಕ ಬರೆದೋನು ಯಾವತ್ತಾದ್ರೂ ಬೆಡ್‌ಶೀಟ್ ಮಡಿಸಿದ್ದಾನಾ? ನಾನೊಬ್ಬಳೇ ಎಳೆದಾಗ ಹರಿಯಲ್ಲ, ಇವಳೂ ಸೇರಿ ಎಳೆದ್ರೆ ಹರಿಯುತ್ತೆ. ಕಣ್ಣಿಲ್ವಾ ನಿಮಗೆ?”

ಇಬ್ಬರೂ ನಕ್ಕರು. ಮೊಮ್ಮಗಳಿಗೆ ಬೇಗ ಪಾಠ ಮುಗಿಸಬೇಕಿತ್ತು; ಇಸ್ತ್ರಿಯವಳಿಗೆ ತಾನು ದುಡಿಯುವ ಮನೆಯ ಮುದುಕಿಯ ಜೊತೆ ವಾದ ಬೇಡವಾಗಿತ್ತು. “ಆಯ್ತು, ನೀವು ಹೇಳಿದ ಹಾಗೇ” ಎಂದರು. ಅಷ್ಟಕ್ಕೆ ಬಿಡುವವಳೇ ನಾನು? ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದೆ. ಒಬ್ಬಳು ತಪ್ಪಿದರೆ ಮತ್ತೆ ಮೊದಲಿನಿಂದ. ನಮ್ಮ ಮೇಷ್ಟ್ರು ನನಗೆ ಕಲಿಸಿದ್ದು ಹಾಗೆಯೇ. ನಾನು ಹೇಳಿಸಿದ್ದು ಇದು: ‘ಒಂದು ಬೆಡ್‌ಶೀಟನ್ನು ಇಬ್ಬರು ಎಳೆದರೆ ಇಬ್ಬರ ಜೋರೂ ಅದರ ಹೊಟ್ಟೆಯ ಮೇಲೆ ಬೀಳುತ್ತದೆ; ಹಳೆಯದು ನಡುವೆ ಹರಿಯುವುದು ಅದಕ್ಕೇ.’ ಒಂದು ವಾರ ಲಾಂಡ್ರಿಯಲ್ಲಿ ಅದೇ ಹಾಡು. ಕೊನೆಗೆ ಬಟ್ಟೆ ಒಯ್ಯಲು ಬರುವ ಆಸ್ಪತ್ರೆಯ ಗಾಡಿಯವನಿಗೂ ಬಾಯಿಗೆ ಬಂತು. ಅವನು ನಿಮ್ಮ ಪರೀಕ್ಷೆ ಬರೆಯಲಿಲ್ಲ, ಬಚಾವಾದ.

ಪರೀಕ್ಷೆಯಲ್ಲಿ ನೀವು ಕೇಳಿದ್ದು: ‘ಮನೆಯಲ್ಲಿ ಅಥವಾ ಕೆಲಸದಲ್ಲಿ ಕಂಡ ಒಂದು ಬಲವನ್ನು ಸ್ವಂತ ಮಾತಿನಲ್ಲಿ ವಿವರಿಸಿ.’ ಗಾಬರಿಯಾದಾಗ ಮನುಷ್ಯನಿಗೆ ಓದಿದ್ದು ನೆನಪಿಗೆ ಬರುವುದಿಲ್ಲ, ಬಾಯಿಪಾಠ ಬರುತ್ತದೆ. ಇಬ್ಬರಿಗೂ ಅದೇ ಬಂತು. ಹೊಟ್ಟೆ ಸಮೇತ ಬಂತು, ತಪ್ಪು ಸಮೇತ ಬಂತು. ಆ ಉತ್ತರವನ್ನು ಎರಡೂ ವಿಭಾಗದವರು ನೋಡುತ್ತಾರೆ. ಭೌತಶಾಸ್ತ್ರದವರು ಅದು ತಪ್ಪೆಂದು ಹೊಡೆದುಹಾಕಿದರು. ಅದು ನ್ಯಾಯವೇ, ನಾನು ಆ ವಿಚಾರಕ್ಕೆ ಬಂದಿಲ್ಲ. ಆದರೆ ಬರವಣಿಗೆಯವರು ಎರಡು ಹಾಳೆ ಪಕ್ಕ ಪಕ್ಕ ಇಟ್ಟು ಒಂದೇ ಮಾತು, ಒಂದೇ ತಪ್ಪು, ಆದ್ದರಿಂದ ನಕಲು ಎಂದರು. ಕಡತ ನಿಮ್ಮ ಮೇಜಿಗೆ ಬಂತು.

ನಿಮ್ಮ ಕೋಣೆಗೆ ಪೋಷಕಿಯಾಗಿ ನಾನೂ ಬಂದಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ, ನೀವು ಮುಖ ನೋಡಿ ಮಾತಾಡುವವರಲ್ಲ. ಉದ್ದನೆಯ ಮೇಜು, ಗಾಜು ಹಾಸಿದ್ದು. ನಿಮ್ಮ ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು, ನಡುವೆ ಬಿಸ್ಕತ್ತಿನ ತಟ್ಟೆ. “ಅದು ನಾನು ಹೇಳಿಕೊಟ್ಟಿದ್ದು ಸ್ವಾಮಿ” ಎಂದೆ.

“ಓಹೋ, ಅಜ್ಜಿ ಫಿಸಿಕ್ಸ್ ಹೇಳಿಕೊಟ್ರಾ?” ಎಂದಿರಿ. ಎಡಕ್ಕಿದ್ದವರು ಬಾಯಲ್ಲಿ ಬಿಸ್ಕತ್ತಿಟ್ಟುಕೊಂಡೇ ನಕ್ಕರು. ಪುಡಿ ನನ್ನ ಮೊಮ್ಮಗಳ ಉತ್ತರ ಪತ್ರಿಕೆಯ ಮೇಲೆ ಉದುರಿತು. “ನೀವು ವಿದ್ಯಾರ್ಥಿ ಅಲ್ಲ, ಅಜ್ಜಿ. ನಿಮ್ಮ ಮಾತು ದಾಖಲೆಗೆ ಬರೋದಿಲ್ಲ. ಹೊರಗೆ ಕೂತ್ಕೊಳ್ಳಿ.”

ಕೂತೆ. ನಿಮ್ಮ ಬಾಗಿಲಿನ ಚಿಲಕ ಸರಿಯಾಗಿ ಬೀಳುವುದಿಲ್ಲ, ರಿಪೇರಿ ಮಾಡಿಸಿ. ಒಳಗಿನ ಮಾತು ಬೆಂಚಿನವರೆಗೂ ಬರುತ್ತದೆ.

“ಒಬ್ಬರು ತಪ್ಪು ಒಪ್ಪಿಕೊಂಡ್ರೆ ಇನ್ನೊಬ್ಬರ ಸೀಟು ಉಳಿಯುತ್ತೆ. ಇಬ್ಬರೂ ಬಾಯಿ ಮುಚ್ಕೊಂಡಿದ್ರೆ ಇಬ್ಬರನ್ನೂ ಕಳಿಸ್ತೀವಿ. ನಿಮಗೇ ಬಿಟ್ಟಿದ್ದು.”

ಎಷ್ಟು ಉದಾರ ಮನಸ್ಸು. ಒಂದು ರೊಟ್ಟಿ ಎರಡು ನಾಯಿಗಳ ನಡುವೆ ಎಸೆದು ಕೈಕಟ್ಟಿ ನಿಲ್ಲುವವನೂ ನಾಯಿಗಳಿಗೇ ಬಿಟ್ಟಿದ್ದು ಎನ್ನುತ್ತಾನೆ. ಒಳಗೆ ಯಾರದೋ ಚಮಚ ಲೋಟಕ್ಕೆ ತಾಗಿತು. ಆಮೇಲೆ ನನ್ನ ಮೊಮ್ಮಗಳ ದನಿ.

“ಅಕ್ಕ ನನ್ನದನ್ನ ನೋಡ್ಕೊಂಡು ಬರೆದ್ರು ಸರ್.”

“ಹೌದೇನಮ್ಮಾ?”

“ಹೌದು ಸರ್,” ಎಂದಳು ಇಸ್ತ್ರಿಯವಳು.

ಅಷ್ಟೇ. ನೀವು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಬಹುದಾಗಿದ್ದ ಒಂದೇ ಪ್ರಶ್ನೆ: ನೀವಿಬ್ಬರೂ ಪರೀಕ್ಷೆಯಲ್ಲಿ ಎಲ್ಲಿ ಕೂತಿದ್ದಿರಿ? ಅವತ್ತು ಅವರನ್ನು ಬಿಟ್ಟು ಬರಲು ಹೋದವಳು ನಾನು. ಒಬ್ಬಳು ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋದಳು, ಒಬ್ಬಳು ಕೆಳಗಿನ ಕೋಣೆಯಲ್ಲೇ ಕೂತಳು. ಮಹಡಿಯ ನೆಲ ತೂರಿ ಮೇಲಿನವಳ ಹಾಳೆ ಓದುವ ಕಣ್ಣು ಇಸ್ತ್ರಿಯವಳಿಗಿದ್ದರೆ, ನೀವು ಅವಳನ್ನು ಹೊರಗೆ ಹಾಕಿದ್ದು ದೊಡ್ಡ ನಷ್ಟ. ಅಂಥವಳನ್ನು ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳಬೇಕಿತ್ತು. ಅವತ್ತಿನ ಮೇಲ್ವಿಚಾರಕರನ್ನು ಕರೆದು ಕೇಳಿದ್ದರೆ ಸಾಕಿತ್ತು. ಆದರೆ ಕೇಳುವ ಅಗತ್ಯವೇ ನಿಮಗೆ ಕಾಣಲಿಲ್ಲ. ಲಾಂಡ್ರಿ ಮಾಲೀಕರ ಮಗು ಒಂದು ಕಡೆ, ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು ಇನ್ನೊಂದು ಕಡೆ. ಇವರಲ್ಲಿ ಯಾರು ಯಾರದನ್ನು ಕದ್ದರು ಎಂದು ಹೇಳಲು ಯಾವ ಸಮಿತಿಗೂ ವಿಚಾರಣೆ ಬೇಕಾಗಿಲ್ಲ. ನಿಮಗೆ ಮೊದಲೇ ಗೊತ್ತಿದ್ದದ್ದನ್ನು ನನ್ನ ಮೊಮ್ಮಗಳು ಬಾಯಿಬಿಟ್ಟು ಹೇಳಿದಳು, ನಿಮ್ಮ ಕೆಲಸ ಹಗುರವಾಯಿತು.

ಮನೆಗೆ ಬಂದ ಮೇಲೆ ಅವಳನ್ನು ನಿಲ್ಲಿಸಿ ಕೇಳಿದೆ.

“ಇಬ್ರೂ ಮುಳುಗೋದಕ್ಕಿಂತ ಒಬ್ಬಳಾದ್ರೂ ಉಳೀಲಿ ಅಂತ ಅಜ್ಜಿ” ಎಂದಳು.

“ಆ ಒಬ್ಬಳು ನೀನೇ ಆಗಬೇಕು ಅಂತ ಯಾರು ಹೇಳಿದ್ದು?”

“ಅಕ್ಕನಿಗೆ ಕೆಲಸ ಇದೆಯಲ್ಲ. ನನಗೇನಿದೆ?”

ನಿಮ್ಮ ವಿಶ್ವವಿದ್ಯಾಲಯಕ್ಕೆ ಅವಳು ಇನ್ನೂ ಸರಿಯಾಗಿ ಕಾಲಿಟ್ಟಿಲ್ಲ, ಆಗಲೇ ನಿಮ್ಮ ಹಾಗೆ ಮಾತಾಡಲು ಕಲಿತಿದ್ದಾಳೆ. ಪೂರ್ವಸಿದ್ಧತೆ ಎಂದರೆ ಇದೇ ಇರಬೇಕು.

ಮರುದಿನ ಇಸ್ತ್ರಿಯವಳು ಎಂದಿನ ಹಾಗೆ ಕೆಲಸಕ್ಕೆ ಬಂದಳು. ಅಳಲಿಲ್ಲ, ಜಗಳವಾಡಲಿಲ್ಲ. ತನ್ನ ಪುಸ್ತಕಗಳನ್ನು ತಂದು ಮೊಮ್ಮಗಳ ಮುಂದಿಟ್ಟು “ತಗೋ, ಇದರಲ್ಲಿ ಲೆಕ್ಕಗಳಿಗೆಲ್ಲ ಗುರುತು ಹಾಕಿದ್ದೀನಿ, ಅನುಕೂಲ ಆಗುತ್ತೆ” ಎಂದಳು. ಮೊಮ್ಮಗಳು ತೆಗೆದುಕೊಂಡಳು. ಹೌದು ಅಧ್ಯಕ್ಷರೇ, ತೆಗೆದುಕೊಂಡಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಹೊಟ್ಟೆಯಲ್ಲಿ ಹುಟ್ಟಿದವಳು. ಹೊರಗಿನವರನ್ನು ಬೈದು ಒಳಗಿನವರನ್ನು ಮುಚ್ಚಿಡುವ ಪತ್ರ ಇದಲ್ಲ.

ಮೊಮ್ಮಗಳು ಆಚೆ ಹೋದ ಮೇಲೆ ಕೇಳಿದೆ, “ಯಾಕೆ ಹೌದು ಅಂದೆ? ನಾಲಿಗೆ ಇರಲಿಲ್ವಾ?”

“ಇಲ್ಲ ಅಂದಿದ್ರೆ ಇಬ್ರೂ ಹೋಗ್ತಿದ್ವಿ ಅಮ್ಮಾ. ಆಮೇಲೂ ನಾನು ಇಲ್ಲೇ ಕೆಲಸಕ್ಕೆ ಬರಬೇಕಲ್ಲ.”

ಅಷ್ಟು ಹೇಳಿ ಮುಂದಿನ ಬೆಡ್‌ಶೀಟಿಗೆ ಪೆಟ್ಟಿಗೆ ಇಟ್ಟಳು.

ನಾನು ಬೇರೆ ಕೆಲಸದಲ್ಲಿದ್ದಾಗ ಮೊಮ್ಮಗಳ ಜೊತೆ ಬೆಡ್‌ಶೀಟ್ ಹಿಡಿಯುತ್ತಿದ್ದವಳು ಈಗ ಹಿಡಿಯುವುದಿಲ್ಲ. ಒಂದು ತುದಿಯನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ ತಾನೊಬ್ಬಳೇ ಎಳೆದು ಮಡಿಸುತ್ತಾಳೆ. ನಿಂತು ನೋಡಿದೆ. ಸುಕ್ಕು ಅಷ್ಟೇ ಚೆನ್ನಾಗಿ ಬಿಡುತ್ತದೆ. ಹಳೆಯದು ಹರಿಯುವುದಿದ್ದರೆ ಹಾಗೂ ಹರಿಯುತ್ತದೆ. ನನ್ನ ಕಣ್ಣ ಮುಂದೆಯೇ ಒಂದು ಹರಿಯಿತು. ಪುಸ್ತಕ ಬರೆದವನು ಸರಿ, ನಾನು ತಪ್ಪು. ಆ ತುದಿಯಲ್ಲಿ ಇರುವುದು ಮನುಷ್ಯರೋ ಕೊಕ್ಕೆಯೋ ಬೆಡ್‌ಶೀಟಿಗೆ ಗೊತ್ತಾಗುವುದಿಲ್ಲ. ಇಷ್ಟು ಕಲಿಯಲು ನನಗೆ ಒಬ್ಬಳ ಸೀಟು ಹೋಗಬೇಕಾಯಿತು. ನಿಮ್ಮ ಶುಲ್ಕ ದುಬಾರಿ.

ಇನ್ನು ನಿಮ್ಮ ‘ಸ್ವಂತ ಮಾತಿ’ನ ವಿಚಾರ. ಇಸ್ತ್ರಿಯವಳಿಗೆ ನೀವು ಕೊಟ್ಟ ಆದೇಶವನ್ನು ಓದಿಸಿಕೊಂಡೆ, ಆಮೇಲೆ ನಾನೇ ಅಕ್ಷರ ಕೂಡಿಸಿ ಓದಿದೆ. ‘ಪ್ರಕರಣವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಕಳವು ಸಾಬೀತಾಗಿರುವುದರಿಂದ, ಪ್ರವೇಶವನ್ನು ರದ್ದುಪಡಿಸಲಾಗಿದೆ.’ ಇದು ನಿಮ್ಮ ಸ್ವಂತ ಮಾತೇ? ಹಿಂದಿನ ಅಧ್ಯಕ್ಷರು ಬರೆದಿಟ್ಟದ್ದಲ್ಲವೇ? ಅವರು ತಮ್ಮ ಹಿಂದಿನವರಿಂದ ತೆಗೆದುಕೊಂಡದ್ದಲ್ಲವೇ? ಹೆಸರು ಅಳಿಸಿ ಹೆಸರು ತುಂಬುವ ಈ ನಕಲಿಗೆ ಯಾವ ಸಮಿತಿ? ಪರಿಶೀಲಿಸಿದವರು ಯಾರು, ರದ್ದು ಮಾಡಿದವರು ಯಾರು ಎಂದು ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಎಲ್ಲವೂ ತಾನಾಗಿ ಆಗಿಬಿಟ್ಟಿದೆ, ಹಾಲು ಉಕ್ಕಿದ ಹಾಗೆ. ನಮ್ಮ ಲಾಂಡ್ರಿಯಲ್ಲಿ ಒಂದು ಬಟ್ಟೆ ಸುಟ್ಟರೆ ಸುಟ್ಟವಳು ಎದುರು ನಿಂತು ‘ನಾನು ಸುಟ್ಟೆ’ ಎನ್ನಬೇಕು. ನಿಮ್ಮ ಬರವಣಿಗೆ ವಿಭಾಗದವರು ಇಷ್ಟನ್ನು ನಿಮಗೆ ಹೇಳಿಕೊಡಬಾರದೇ?

ಈ ಪತ್ರವನ್ನು ಪತ್ರಿಕೆಗೆ ಕೊಡುತ್ತೇನೆಂದು ಮೊಮ್ಮಗಳಿಗೆ ಮೊದಲೇ ಓದಿ ಹೇಳಿದೆ. ಕದ್ದು ಮಾಡುವ ಅಭ್ಯಾಸ ನನಗಿಲ್ಲ. ಅವಳು ಕಾಲು ಹಿಡಿದುಕೊಂಡಳು.

“ನನ್ನ ಸೀಟೂ ಹೋಗುತ್ತೆ ಅಜ್ಜಿ. ನಾನು ನಿನ್ನ ಮೊಮ್ಮಗಳಲ್ವಾ?”

“ಹೌದು. ಬೇರೆಯವರ ಮೊಮ್ಮಗಳಾಗಿದ್ರೆ ನನಗೇನು, ಸುಮ್ಮನಿರ್ತಿದ್ದೆ.”

ಅವಳಿಗೆ ಪುಸ್ತಕ ಬಿಟ್ಟರೆ ಬೇರೆ ಆಸೆಯಿಲ್ಲ. ಚಿಕ್ಕಂದಿನಿಂದ ನಾನು ನೋಡಿದ್ದೇನೆ. ಓದದೇ ಹೋದರೆ ಅವಳು ಏನಾಗುತ್ತಾಳೆ ಎಂದು ಯೋಚಿಸಿ ಈ ಪತ್ರವನ್ನು ಎರಡು ಸಲ ದಿಂಬಿನ ಕೆಳಗೆ ಮಡಿಸಿಟ್ಟೆ. ಎರಡು ಸಲವೂ ಹೊರಗೆ ತೆಗೆದೆ. ಆದರೆ ಹೀಗೆ ಗಿಟ್ಟಿಸಿಕೊಂಡ ಸೀಟಿನಲ್ಲಿ ಕೂತು ಅವಳು ಕಲಿತರೆ, ಮುಂದೊಂದು ದಿನ ಗಾಜು ಹಾಸಿದ ಮೇಜಿನ ಆಚೆ ಕೂತು ಬಿಸ್ಕತ್ತು ತಿನ್ನುತ್ತಾಳೆ. ಅದಕ್ಕಿಂತ ಇಸ್ತ್ರಿ ಪೆಟ್ಟಿಗೆ ವಾಸಿ.

ಆದ್ದರಿಂದ ಕೇಳುವುದು ಇಷ್ಟೇ, ಅರ್ಜಿಯಂತೆ ಅಲ್ಲ, ಲೆಕ್ಕ ಕೇಳುವಂತೆ ಕೇಳುತ್ತಿದ್ದೇನೆ. ವಿಚಾರಣೆ ಮತ್ತೆ ನಡೆಸಿ. ಈ ಸಲ ನನ್ನನ್ನು ಬೆಂಚಿಗೆ ಕಳಿಸಬೇಡಿ. ವಾಕ್ಯವೂ ಅದರೊಳಗಿನ ತಪ್ಪೂ ಈ ಮುದುಕಿಯದು ಎಂದು ದಾಖಲೆಯಲ್ಲಿ ಬರೆಯಿರಿ, ನಾನು ಸಹಿ ಹಾಕುತ್ತೇನೆ. ಉತ್ತರ ತಪ್ಪಾದದ್ದಕ್ಕೆ ಇಬ್ಬರ ಅಂಕವನ್ನೂ ಎಷ್ಟು ಬೇಕೋ ಅಷ್ಟು ಕಳೆಯಿರಿ. ಇಸ್ತ್ರಿಯವಳ ಹೆಸರಿನ ಮುಂದಿರುವ ‘ಕಳವು’ ಎಂಬ ಮಾತನ್ನು ತೆಗೆದು ಅವಳ ಸೀಟು ಅವಳಿಗೆ ಕೊಡಿ. ಸುಳ್ಳು ಹೇಳಿದವಳಿಗೆ ನಿಮ್ಮ ನಿಯಮ ಏನು ಹೇಳುತ್ತದೋ ಅದನ್ನು ಮಾಡಿ. ಆ ಸುಳ್ಳನ್ನು ಅವಳ ಬಾಯಿಗೆ ಇಟ್ಟವರಿಗೆ ಯಾವ ನಿಯಮ ಎಂಬುದನ್ನೂ ಹುಡುಕಿ. ಇಲ್ಲದಿದ್ದರೆ ಒಂದನ್ನು ಬರೆಯಿರಿ, ಸ್ವಂತ ಮಾತಿನಲ್ಲಿ. ಹುಡುಗಿ ಚಿಕ್ಕವಳು, ಅಜ್ಜಿಗೆ ನೋವಾಗುತ್ತದೆ ಎಂದು ಕೈ ತಡೆಯಬೇಡಿ. ನಾನು ತಡೆದಿಲ್ಲ.

ಇಂತಿ,
ಮನೆಯಲ್ಲಿ ಸದ್ಯಕ್ಕೆ ಯಾರೂ ಅಜ್ಜಿ ಎಂದು ಕರೆಯದ
ಒಬ್ಬ ಅಜ್ಜಿ