ನಲ್ಲಿ ಅತ್ತೆಗೆ ತಪ್ಪೊಪ್ಪಿಗೆ

ಪೂಜ್ಯ ಅತ್ತೆಯವರ ಪಾದಗಳಿಗೆ ಮನೆಯ ಮಹಾತರಲೆಯ ಉದ್ದಂಡ ನಮಸ್ಕಾರ.

ನಿಮಗೆ 'ನಲ್ಲಿ ಅತ್ತೆ' ಎಂದು ನಾಮಕರಣ ಮಾಡಿದವಳು ನಾನೇ. ಅಣ್ಣನ ಮದುವೆಯಲ್ಲಿ, ನೀವು ಊಟದ ಮಧ್ಯೆ ಐದು ಸಲ ಶೌಚಾಲಯಕ್ಕೆ ಓಡಿದ್ದನ್ನು ನಾನು ನಟಿಸಿ ತೋರಿಸಿದಾಗ ಅಪ್ಪ ಕೂಡ ಬಿದ್ದು ಬಿದ್ದು ನಕ್ಕರು. ನೀವು ಬಾಗಿಲಲ್ಲೇ ನಿಂತಿದ್ದಿರಿ. ಆಮೇಲೆ ನಮ್ಮ ಮನೆಗೆ ಬರಲೇ ಇಲ್ಲ.

ಎಂಟು ತಿಂಗಳಿಂದ ನನ್ನ ಮೂತ್ರಕೋಶ ಕೆಂಡದಂತೆ ಉರಿಯುತ್ತಿದೆ. ಕರುಳು ಹಿಂಡುತ್ತದೆ, ದವಡೆ ನೋಯುತ್ತದೆ. ರೋಗಗಳು ಸಕುಟುಂಬ ಸಪರಿವಾರ ಆಗಮಿಸಿವೆ. ಮೂವರು ಡಾಕ್ಟರು, "ಪರೀಕ್ಷೆಯಲ್ಲಿ ಏನೂ ಇಲ್ಲಮ್ಮ, ಎಲ್ಲಾ ನಿನ್ನ ಭ್ರಮೆ" ಎಂದರು. ನಾಲ್ಕನೆಯವರು ಮಾತ್ರ, "ಇದು ನಿಜವಾದ ಕಾಯಿಲೇನೇ. ಪೂರ್ತಿ ಹೋಗದೇ ಇರಬಹುದು, ಆದ್ರೆ ತಗ್ಗಿಸಬಹುದು" ಎಂದರು. ಅವರ ಔಷಧಿಯಿಂದ ಈಗ ಹೊಲಿಗೆ ಯಂತ್ರದ ಮುಂದೆ ಎರಡು ಗಂಟೆ ಏಳದೆ ಒಂದೇ ಸಮ ಕೂರುತ್ತೇನೆ.

"ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?" ಎಂದು ಆ ಡಾಕ್ಟರು ಕೇಳಿದ್ದರು. ಇಲ್ಲವೆಂದೆ. ಇದೆ ಎಂದಿದ್ದರೆ, "ಅವರಿಗೆ ಏನು ಮಾಡಿದ್ರಿ?" ಎಂದು ಕೇಳುತ್ತಿದ್ದರು. ನಕ್ಕೆವು ಎಂದು ಹೇಳಬೇಕಾಗುತ್ತಿತ್ತು.

ಬರುವ ಗುರುವಾರ ನಿಮ್ಮನ್ನು ಅವರಿಗೆ ತೋರಿಸಲು ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಬಸ್ಸು ಬೇಡ, ಬೇಕೆಂದಾಗ ನಿಲ್ಲಿಸುವುದಿಲ್ಲ. ರೈಲಿನ ಟಿಕೆಟ್ ಈ ಕವರಿನಲ್ಲೇ ಇದೆ. ನಿಮ್ಮ ಸೀಟು ಶೌಚಾಲಯದ ಪಕ್ಕದ್ದು. ಇದು ತಮಾಷೆಯಲ್ಲ, ಅತ್ತೆ.

ನಿಮ್ಮ ತಮ್ಮನ ಮಗಳು