ಚಂದ್ರಿಯ ಸೀರೆ

ಇಚಲಕರಂಜಿ
ಸೋಮವಾರ, ೧೮ ಆಗಸ್ಟ್ ೨೦೨೫

ಕಿರಿಸೊಸೆ ಪ್ರೇರಣಾಳಿಗೆ ಅತ್ತೆಯ ಆಶೀರ್ವಾದ.

ನಾವು ಇಲ್ಲಿ ಸುಖವಾಗಿದ್ದೇವೆ. ಬಹಳ ಸುಖವಾಗಿದ್ದೇವೆ, ಮೊದಲು ಅದನ್ನು ತಿಳಿದುಕೋ.

ಫೋನಿರುವಾಗ ಮುದುಕಿ ಕಾಗದ ಯಾಕೆ ಬರೆದಳು ಎನ್ನಬೇಡ. ಈ ಮನೆಯಲ್ಲಿ ನಾನು ಹಲೋ ಅನ್ನುವಷ್ಟರಲ್ಲಿ ಎಲ್ಲರೂ ಕಿವಿ ತಂದು ಇಡುತ್ತಾರೆ. ಕಾಗದಕ್ಕೆ ಆ ಭಯವಿಲ್ಲ. ಮೊಮ್ಮಕ್ಕಳು ಮರಾಠಿ ಶಾಲೆಯವರು. ಹಿರಿಮಗ ಶಂಕರಲಿಂಗನಿಗೂ ಅವನ ಹೆಂಡತಿಗೂ ಕನ್ನಡದ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನಿನ್ನ ಮಾವನಿಗೆ ಬರುತ್ತದೆ, ಆದರೆ ಮೊಮ್ಮಗ ರೋಹನ ಅವರ ಚಾಳೀಸಿನ ಮೇಲೆ ಕುಳಿತು ಅದರ ಗಾಜು ಒಡೆದು ಹತ್ತು ದಿನವಾಯಿತು. ಸಂಕೇಶ್ವರದಲ್ಲಿ ಕನ್ನಡ ಕಲಿತು ಬಂದವಳು ನೀನೊಬ್ಬಳು. ನಾನು ನಾಲ್ಕನೇ ಇಯತ್ತೆಯವರೆಗೆ ಶಾಲೆ ಕಲಿತವಳು, ತಪ್ಪಿದ್ದರೆ ನಗಬೇಡ. ನಕ್ಕರೂ ನನಗೆ ಕೇಳಿಸುವುದಿಲ್ಲ, ನಕ್ಕುಬಿಡು.

ಎಂಟು ದಿನಕ್ಕೆಂದು ಬಂದವರಿಗೆ ಐವತ್ತು ದಿನವಾಯಿತು. ನಿನ್ನ ಮಾವನಂತೂ ಮೊಮ್ಮಗನ ಜೊತೆ ಕೇರಂ ಆಡಿ ಆಡಿ ಏಳು ವರ್ಷದ ಹುಡುಗನಾಗಿದ್ದಾರೆ. ಸೋತರೆ ಮುಖ ಊದಿಸಿಕೊಂಡು ಊಟ ಬಿಡುತ್ತಾರೆ. ಭಾನುವಾರ ಮಗ ಸೊಸೆ ನಮ್ಮನ್ನು ಪಂಚಗಂಗೆ ಹೊಳೆಯ ದಂಡೆಗೆ ಕರೆದುಕೊಂಡು ಹೋಗುತ್ತಾರೆ, ಭೇಳ ತಿನ್ನಿಸುತ್ತಾರೆ. ಮೊಮ್ಮಗಳು ರುತುಜಾ ನಾನು ಬಯ್ಯುವುದನ್ನೆಲ್ಲ ಒಂದು ವಹಿಯಲ್ಲಿ ಬರೆದಿಡುತ್ತಾಳೆ. ‘ಆಜಿಚ್ಯಾ ಶಿವ್ಯಾ’ ಎಂದು ಮೇಲೆ ಹೆಸರು ಬೇರೆ, ಅಜ್ಜಿಯ ಬೈಗುಳ ಎಂದು. ಅರವತ್ತೆರಡು ಆಗಿವೆಯಂತೆ. ನಿನ್ನೆ ಅವಳಪ್ಪನಿಗೆ ಅದರಲ್ಲಿಯ ಒಂದನ್ನು ಅಂದು ಬೆನ್ನಿಗೆ ಗುದ್ದು ತಿಂದಳು. ನಾನು ಹೊರಡುತ್ತೇನೆ ಅಂದ ದಿನ ನನ್ನ ಚಪ್ಪಲಿ ಕಾಣೆಯಾಗುತ್ತವೆ. ಒಮ್ಮೆ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕವು. ಆ ದಿನದ ರೊಟ್ಟಿ ನಾನು ತಿನ್ನಲಿಲ್ಲ, ಅವರು ತಿಂದರು.

ಇಷ್ಟು ಸುಖದಲ್ಲಿ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ ನೋಡು. ಓಣಿಯ ತುಂಬ ಮಗ್ಗಗಳು, ಹಗಲೆಲ್ಲ ಖಟಖಟ. ಆ ಸದ್ದು ನಿಂತರೆ ಇನ್ನೂ ಕಷ್ಟ, ಏನೋ ಮರೆತಂತಾಗುತ್ತದೆ. ನಸುಕಿನ ಐದಕ್ಕೆ ಎಚ್ಚರವಾಗುತ್ತದೆ. ಎದ್ದು ಎಲ್ಲಿಗೆ ಹೋಗಲಿ? ಬಚ್ಚಲಿಗೆ ಹೋಗುತ್ತೇನೆ, ಬರುತ್ತೇನೆ, ಕದ ತೆಗೆಯುತ್ತೇನೆ, ಹಾಕುತ್ತೇನೆ. ಮೊನ್ನೆ ನಿನ್ನ ಮಾವ ಎದ್ದು, “ಯಾಕ ಬೆರಳ ಹಿಂಗ ಆಡಸಾಕತ್ತಿ? ಜಪಾ ಮಾಡತಿಯೇನ?” ಅಂದರು. ನೋಡಿಕೊಂಡರೆ ಚಾದರದ ಅಂಚು ಹಿಡಿದು ಹಾಲು ಹಿಂಡುತ್ತಿದ್ದೆ.

ಚಂದ್ರಿ ಹೇಗಿದ್ದಾಳೆ ಎಂದು ಕೇಳಬಾರದೆಂದು ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದೆ. ಹೊರಡುವ ದಿನದ ನಿನ್ನ ಮಾತು ಮರೆತಿಲ್ಲ. “ಎಮ್ಮಿ ಹಿಂಡಾಕ ಏನ್ ದೊಡ್ಡ ವಿದ್ಯಾ ಬೇಕ್ರಿ ಅತ್ತಿ? ನೀವು ಆರಾಮ ಹೋಗಿ ಬರ್ರಿ,” ಅಂದೆ. ನಾನು, “ಹಿಂಡಿ ನೋಡ ಮೂಳಿ, ಎರಡ ದಿನದಾಗ ನನ್ನ ಕಾಲ ಹಿಡೀತಿ,” ಅಂದೆ. ಮೊದಲ ಕರು ಹಾಕಿದಾಗಿನಿಂದ ಚಂದ್ರಿ ನನ್ನ ಕೈಗಲ್ಲದೆ ಹಾಲು ಬಿಟ್ಟವಳಲ್ಲ. ನನಗೆ ಜ್ವರ ಬಂದಾಗಲೂ ಕೊಟ್ಟಿಗೆಯ ಗೂಟದಲ್ಲಿದ್ದ ನನ್ನ ಹಿಂಡುವ ಸೀರೆ ಉಟ್ಟುಕೊಂಡರೆ ಮಾತ್ರ ನಿನ್ನನ್ನು ಹತ್ತಿರ ಬಿಟ್ಟಳು. ಆ ಸೀರೆ ಕಾಣುತ್ತಿಲ್ಲವೆಂದು ನೀನು ಮೂರನೆಯ ದಿನ ಫೋನಿನಲ್ಲಿ ಮಾವನನ್ನು ಕೇಳಿದೆ. ಗೂಟದಲ್ಲೇ ಇತ್ತು, ಇಲಿ ಎಳೆದಿರಬೇಕು ಎಂದು ನಾನು ಹೇಳಿಸಿದೆ. ಆಮೇಲೆ ನಿನ್ನ ಫೋನು ಬರುತ್ತದೆಂದು ಕಾದೆ. ಬಂತು. ನೀನು ಮಾವನ ಗುಳಿಗೆ ಕೇಳಿದೆ, ಇಲ್ಲಿಯ ಮಳೆ ಕೇಳಿದೆ. ‘ಹಾಲು ಬಿಡುತ್ತಿಲ್ಲ, ಬರ್ರಿ’ ಎಂದು ಮಾತ್ರ ಅನ್ನಲಿಲ್ಲ. ಆ ಎಮ್ಮೆ ನನ್ನನ್ನು ಮರೆಯಿತೇ? ಮನೆಯೂ ಮರೆಯಿತೇ? ಇದೇ ಹುಳ ತಲೆಯಲ್ಲಿ.

ನಿನ್ನೆ ನಿನ್ನ ಗಂಡ ಕೇದಾರ ತುಪ್ಪ ತೆಗೆದುಕೊಂಡು ಬಂದ. ಕೇಳಬಾರದು ಅಂದುಕೊಂಡೇ, “ಚಂದ್ರಿ ಬತ್ತಿರಬೇಕಲ್ಲೋ?” ಅಂದೆ. “ಹೊತ್ತಿಗೆ ನಾಕ ಲೀಟರ ಕೊಡತಾಳ ಬೇ,” ಅಂದ. “ಯಾವ ಸೀರಿ ಉಟಗೊಂಡ ಹಿಂಡತಾಳ?” ಅಂದೆ. ಅವನು ನಗುತ್ತ ಮೊಬೈಲ್ ತೆಗೆದ. ಕೊಟ್ಟಿಗೆಯ ಗೋಡೆಯ ಹಿಂದೆ ನಿಂತು ನಿನ್ನ ದನಿ ಹಿಡಿದಿದ್ದನಂತೆ.

ನಿನ್ನ ದನಿಯಲ್ಲಮ್ಮ ಅದು, ನನ್ನದು. “ನೆಟ್ಟಗ ನಿಂದ್ರ, ನಿನ್ನ ಬಾಯಾಗ ಮಣ್ಣ ಬೀಳ್ಲಿ! ಕಾಲ ಎತ್ತಿದರ ಮುರದ ಒಲಿಗೆ ಹಾಕತೇನಿ!” ಅದೇ ಎಳೆತ, ನಡುವೆ ಅದೇ ಕೆಮ್ಮು. ನಿನ್ನ ಮಾವನಿಗೆ ಚಹಾ ಮೂಗಿನಿಂದ ಬಂತು. ರುತುಜಾ ವಹಿ ತೆರೆದು, “ಆಜೀ, ಹೀ ಸತರಾ ನಂಬರ!” ಇದು ಹದಿನೇಳನೆಯದು ಎಂದು ಕುಣಿದಳು. ಮುದುಕಿಯ ಸೀರೆಯಲ್ಲ, ಮುದುಕಿಯ ಬಾಯಿ ಕೇಳಿಯೇ ಆ ಎಮ್ಮೆ ಹಾಲು ಬಿಡುತ್ತಿತ್ತು ಎಂದು ನನಗೇ ಗೊತ್ತಿರಲಿಲ್ಲ.

ಎಲ್ಲರೂ ನಗುವಾಗ ಅದು ಇನ್ನೂ ನಡೆದೇ ಇತ್ತು. ಕೊನೆಗೆ ಹಾಲಿನ ಸದ್ದಿನ ನಡುವೆ ನೀನು ನಿನ್ನದೇ ದನಿಯಲ್ಲಿ ಮೆಲ್ಲಗೆ ಅಂದದ್ದು ನನಗೊಬ್ಬಳಿಗೇ ಕೇಳಿಸಿತು. “ಅತ್ತಿ ಇಲ್ಲಂತ ನೀ ಒದೀತಿ. ನಾ ಯಾರನ್ನ ಒದೀಲಿ?”

ನಾನು ಎದ್ದು ಬಚ್ಚಲಿಗೆ ಹೋಗಿ ನಳ ಬಿಟ್ಟೆ. ಹಿರಿಸೊಸೆ, “ಯಾಕ್ರಿ ಅತ್ತಿ, ಮತ್ತ ಮುಖಾ ತೊಳ್ಕೊಳಾಕತ್ತೀರಿ?” ಎಂದಳು. ಈ ಊರಿನ ಧೂಳು ಎಂದೆ.

ಇರಲಿ. ನಮಗೇನೂ ಅವಸರವಿಲ್ಲ. ಮಕ್ಕಳು ಬಿಡುವುದಿಲ್ಲ, ಗಣಪತಿ ಮುಗಿಸಿಕೊಂಡೇ ಬರುತ್ತೇವೆ. ಚಂದ್ರಿಗೆ ಹಿಂಡಿ ಕಡಿಮೆ ಮಾಡಬೇಡ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು, ದನಿ ಸೊರಗಿದೆ.

ನಿನ್ನ ಅತ್ತೆ
ಗುರುಸಿದ್ದವ್ವ

ತಾಜಾ ಕಲಂ: ಮೇಲೆ ಗಣಪತಿಯ ಮಾತು ಬರೆದೆನಲ್ಲ, ಅದನ್ನು ಬಿಡು. ಶನಿವಾರ ಮೊದಲ ಗಡಹಿಂಗ್ಲಜ ಬಸ್ಸಿಗೆ ಬರುತ್ತೇನೆ. ನಿನ್ನ ಮಾವ ಬೇಕಾದರೆ ಕೇರಂ ಆಡಿಕೊಂಡಿರಲಿ. ಚಪ್ಪಲಿ ಈಗಲೇ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಇನ್ನೊಂದು. ಸೀರೆಯನ್ನು ಇಲಿ ಎಳೆದಿಲ್ಲ. ನೀನು ಸೋಲಲಿ ಎಂದು ನಾನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ನಿನ್ನ ನೆಗೆಣ್ಣಿ, ನನ್ನ ಹಿರಿಸೊಸೆ, ಮೊನ್ನೆ ಅದನ್ನು ಕಂಡು, ನಾರುತ್ತದೆಂದು ಮಷಿನ್ನಿಗೆ ಹಾಕಿದಳು. ಈಗ ಮಲ್ಲಿಗೆಯಂತೆ ಘಮಘಮ ಅನ್ನುತ್ತಿದೆ. ಐವತ್ತು ದಿನ ಇವರ ಸಾಬೂನು ಹಚ್ಚಿಕೊಂಡು ನಾನೂ ಹಾಗೇ ಆಗಿದ್ದೇನೆ. ಚಂದ್ರಿ ನನ್ನನ್ನು ಗುರುತಿಸದೆ ಒದ್ದರೂ ಒದ್ದಾಳು. ಮೊದಲ ದಿನ ನಾನು ಹಿಂಡಲು ಕೂತಾಗ ನೀನು ಪಕ್ಕದಲ್ಲಿ ನಿಂತು, ನನ್ನ ದನಿಯಲ್ಲಿ ಬಯ್ಯುತ್ತಿರು.