ಶಾರ್ವರಿ ಮನೆ ಬಿಟ್ಟು ಹೋಗಲಿಲ್ಲ

ಹೊನ್ನವಳ್ಳಿ,
೧೨-೮-೨೦೨೫

ಪ್ರೀತಿಯ ಪವಿತ್ರಾ,

ಹೇಗಿದ್ದೀಯ ಮಗಳೇ? ಕೈನೋವು ಕಡಿಮೆಯಾಯಿತೇ? ಪಟ್ಟಿ ಬಿಚ್ಚುವವರೆಗೂ ಭಾರ ಎತ್ತಬೇಡ, ಹೊಲಿಗೆ ಮಿಷನ್ ಮುಂದೆ ಕೂರಬೇಡ. ಜೈನಾಬ್ ಬೀ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೆ ತಾನೇ? ಚಿಕ್ಕಂದಿನಲ್ಲಿ ನಿನಗೆ ಲಂಗ ಹೊಲಿದುಕೊಟ್ಟವಳು, ಒಳ್ಳೆಯ ಹೆಂಗಸು. ಆದರೂ ಗಂಡನನ್ನು ಬಿಟ್ಟು ಬಂದವಳನ್ನು ತುರುವೇಕೆರೆಯ ತನ್ನ ಮನೆಯಲ್ಲಿ ಬಚ್ಚಿಟ್ಟುಕೊಂಡಳಲ್ಲ, ಅದು ನನಗೆ ಸರಿ ಕಾಣಲಿಲ್ಲ.

ಇಲ್ಲಿ ನಾವೆಲ್ಲ ಕ್ಷೇಮ. ಅಟ್ಟದಿಂದ ಕಾಯಿ ಇಳಿಸಿ, ಸುಲಿಸಿ, ಕೊಬ್ಬರಿ ಒಡೆಸುತ್ತಿದ್ದೇವೆ. ಹೆಣ್ಣಾಳುಗಳಿಗೆ ಬೇಸರವಾಗದಿರಲಿ ಎಂದು ನಿಮ್ಮಪ್ಪ ಟಿವಿಯನ್ನು ಪಡಸಾಲೆಗೆ ತಂದಿಟ್ಟಿದ್ದಾರೆ. ಶಾರ್ವರಿಯ ಧಾರಾವಾಹಿ ಶುರುವಾದರೆ ಎಲ್ಲರ ಮಚ್ಚೂ ನಿಲ್ಲುತ್ತದೆ. ಪಾಪ, ಆ ಹುಡುಗಿಯನ್ನು ಗಂಡ ಮೊನ್ನೆ ಮೆಟ್ಟಿಲ ಮೇಲಿಂದ ನೂಕಿದ. ಹಣೆ ತುಂಬ ರಕ್ತ. ಆಸ್ಪತ್ರೆಯಲ್ಲಿ ಕೇಳಿದರೆ ಜಾರಿಬಿದ್ದೆ ಎಂದಳು! ನಾವೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡೆವು. ಮರುದಿನವೇ ಗಂಡ ಅವಳ ಕಾಲ ಬಳಿ ಕೂತು ಅತ್ತ. ನೀನೋ, ಕೈ ಮುರಿದದ್ದು ಗಂಡನೇ ಎಂದು ಡಾಕ್ಟರ ಮುಂದೆ ಒದರಿಬಿಟ್ಟೆ. ನಮ್ಮ ಅಳಿಯ ಜ್ಞಾನೇಶಪ್ಪನವರಿಗೆ ಅಳುವುದಕ್ಕೂ ನೀನು ಅವಕಾಶ ಕೊಡಲಿಲ್ಲ. ನಾನು ಹೀಗೆಂದರೆ ಆ ಸಿದ್ದಕ್ಕ ಮಚ್ಚು ಆಡಿಸುತ್ತಲೇ, "ಟೀವೀಲಿ ಬೀಳೋಳ್ಗೆ ಕಾಸು ಕೊಡ್ತಾರೆ ಕಣಕ್ಕ, ನಿನ್ ಮಗ್ಳಿಗೆ ಯಾರ್ ಕೊಟ್ರು?" ಎಂದಳು. ಮೈಯೆಲ್ಲ ಉರಿಯಿತು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಕಳಿಸಿದೆ.

ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕಳಚಿಕೊಂಡಿದೆಯೇ ಎಂದು ಕೇಳಿ ಆಮೇಲೆ ಒಡೆಯುವುದನ್ನು ನಿನಗೆ ನಾನೇ ಕಲಿಸಿದ್ದೆ. ಅವಸರಕ್ಕೆ ಒಡೆದರೆ ಚಿಪ್ಪಿಗೇ ಅಂಟಿ ಚೂರಾಗುತ್ತದೆ. ನೀನು ಮದುವೆಯನ್ನು ಹಾಗೆ ಒಡೆದುಕೊಂಡೆ. ನಿಮ್ಮಪ್ಪ ನನ್ನ ಮೇಲೆ ಕೈ ಮಾಡಿದ್ದನ್ನೆಲ್ಲ ನೀನು ನೋಡಿದ್ದೀಯ. ಆಗ ಹಣೆಬರಹ ಎಂದುಕೊಂಡು ಹಿತ್ತಿಲಲ್ಲಿ ಒಬ್ಬಳೇ ಅಳುತ್ತಿದ್ದೆ, ಯಾರೂ ಭೇಷ್ ಎನ್ನಲಿಲ್ಲ. ನಾನು ಮಾಡಿದ್ದು ದೊಡ್ಡ ಕೆಲಸ ಎಂದು ಗೊತ್ತಾದದ್ದು ಟಿವಿ ನೋಡಿದ ಮೇಲೆ ತಾನೇ? ಧಾರಾವಾಹಿಯಲ್ಲಿ ಊರೆಲ್ಲ ಶಾರ್ವರಿಗೆ ಕೈ ಮುಗಿಯುವಾಗ ನನಗೇ ಮುಗಿದಂತಾಗುತ್ತದೆ. ಈಗ ನೀನು ಬಿಟ್ಟು ಬಂದದ್ದೇ ಸರಿಯಾದರೆ ನಾನು ತಿಂದ ಏಟಿಗೆಲ್ಲ ಏನರ್ಥ, ಹೇಳು? ಅದನ್ನು ಮಾತ್ರ ನಾನು ಸಹಿಸಲಾರೆ ಮಗಳೇ.

"ಈ ಸಲ ಸಿಕ್ಕಿದ್ರೆ ಸಾಯಿಸ್ಬುಡ್ತಾನೆ ಕಣಮ್ಮ, ನಾನೆಲ್ಲಿದೀನಿ ಅಂತ ಯಾರ್ಗೂ ಹೇಳ್ಬ್ಯಾಡ" ಎಂದು ನನ್ನೊಬ್ಬಳಿಗೇ ವಿಳಾಸ ಹೇಳಿದೆಯಲ್ಲ, ಎಂಥ ಮಾತು ಅದು! ಗಂಡ ಹಾಗೆಲ್ಲ ಸಾಯಿಸುವುದಿಲ್ಲ. ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಯಾವ ಧಾರಾವಾಹಿಯಲ್ಲೂ ಹಾಗಾಗಿಲ್ಲ.

ನಿಮ್ಮಪ್ಪ ಆಶೀರ್ವಾದ ಹೇಳಿದ್ದಾರೆ. ಜೈನಾಬ್ ಬೀಯನ್ನು ಕೇಳಿದೆನೆಂದು ತಿಳಿಸು. ಮುತ್ತೈದೆಯಾಗಿ ನೂರು ಕಾಲ ಬಾಳು ತಾಯಿ.

ನಿನ್ನ ಅಮ್ಮ,
ಗಂಗಲಕ್ಷ್ಮಿ

ತಾ.ಕ.: ಹೇಳುವುದೇ ಮರೆತೆ. ಮುರಿದ ಸಂಸಾರ ಕೂಡಿಸುವ ಕಾರ್ಯಕ್ರಮ ಬರುತ್ತದಲ್ಲ, ಆ ಟಿವಿಯವರಿಗೆ ನಾನೇ ಫೋನ್ ಮಾಡಿಸಿದ್ದೆ. ಮನೆಗೇ ಬಂದಿದ್ದರು, ಎಷ್ಟು ಒಳ್ಳೆಯವರು! ಮನಸ್ಸು ಬಿಚ್ಚಿ ಒಂದು ಕಾಗದ ಬರೆಯಿರಿ, ಮಗಳು ಓದುವುದನ್ನು ನಾಡಿಗೆಲ್ಲ ತೋರಿಸುತ್ತೇವೆ ಎಂದರು. ಈ ಕಾಗದವನ್ನು ಅವರೇ ತಂದುಕೊಡುತ್ತಾರೆ, ಅವರಿಗೆ ನಿನ್ನ ವಿಳಾಸ ಕೊಟ್ಟಿದ್ದೇನೆ. ಅಳು ಬಂದರೆ ತಡೆದುಕೊಳ್ಳಬೇಡ, ಅತ್ತರೆ ಚೆನ್ನಾಗಿ ಬರುತ್ತದಂತೆ. ಓದಿ ಮುಗಿಯಿತೇ? ತಲೆ ಎತ್ತಿ ನೋಡು. ಕ್ಯಾಮೆರಾದವರ ಹಿಂದೆ, ಬಾಗಿಲಿಗೆ ಅಡ್ಡವಾಗಿ, ನಿನ್ನ ಗಂಡ ನಿಂತಿದ್ದಾರೆ.